ನನ್ನ ಕೈಯಿಂದಲ್ಲ

ರಕ್ತ ಕಂಡರೆ ತಲೆ ಸುತ್ತುವ ಜಾಯಮಾನ ನನ್ನದು. ಅಂಥವಳು ಇಟಲಿಯ ಭಯಾನಕ ಸಿನಿಮಾಗಳ ನಟನೊಬ್ಬನ ಬಗ್ಗೆ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ನನ್ನ ಮೊಮ್ಮಗನೇ ಕಾರಣ. ಅವನಿಗೆ ಹಳೆಯ ದೆವ್ವಭೂತಗಳ ಚಿತ್ರವೆಂದರೆ ಹುಚ್ಚು. ಕಾಲೇಜಿಗೆ ರಜೆಯೆಂದು ಬಂದಿದ್ದವನು ನಡುಮನೆಯಲ್ಲಿ ಕೂತು ಒಂದನ್ನು ನೋಡುತ್ತಿದ್ದ. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಒಬ್ಬ ಸಣಕಲು ಯುವಕನ ತಲೆಯನ್ನು ಯಾರೋ ಒತ್ತಿ ಹಿಡಿದು ಡ್ರಿಲ್ಲಿಂಗ್ ಯಂತ್ರದ ಕಡೆಗೆ ನೂಕುತ್ತಿದ್ದರು. ನಾನು ಕಿರುಚಿಕೊಂಡೆ.

"ಅಯ್ಯೋ ಅಜ್ಜಿ, ಅದು ಸುಳ್ಳು ತಲೆ. ಆ ಮನುಷ್ಯ ಆಮೇಲೂ ನಲವತ್ತು ವರ್ಷ ಬದುಕಿದ್ದ" ಎಂದು ನಕ್ಕ.

ಆ ಮನುಷ್ಯನ ಹೆಸರು ಜೊವಾನಿ ಲೊಂಬಾರ್ದೊ ರಾದಿಚೆ. 1954ರಲ್ಲಿ ರೋಮಿನಲ್ಲಿ ಹುಟ್ಟಿದವನು, ನಾಟಕದಿಂದ ಬಂದವನು. ಸಿನಿಮಾಕ್ಕೆ ಕಾಲಿಟ್ಟ 1980ರಲ್ಲೇ ರುಜ್ಜೇರೊ ದಿಯೋದಾತೊ, ಆಂತೊನಿಯೊ ಮಾರ್ಗೆರಿತಿ, ಲೂಚಿಯೊ ಫುಲ್ಚಿ ಮೂವರ ಚಿತ್ರಗಳಲ್ಲೂ ಕಾಣಿಸಿಕೊಂಡ. ನಾನು ಕಿರುಚಿದ್ದು ಫುಲ್ಚಿಯ ಚಿತ್ರಕ್ಕೆ. ಪರದೆಯ ಮೇಲೆ ಮಾತ್ರ ಇವನು ಜಾನ್ ಮಾರ್ಗನ್. ಪರದೇಶದಲ್ಲಿ ಚಿತ್ರ ಮಾರಾಟವಾಗಲೆಂದು ಇಟಲಿಯವರು ಇಂಗ್ಲಿಷ್ ಹೆಸರಿಟ್ಟುಕೊಳ್ಳುವುದು ಆಗ ರೂಢಿಯಾಗಿತ್ತು. 1964ರಲ್ಲಿ ಸೆರ್ಜಿಯೊ ಲಿಯೋನೆಯಂಥವನೇ ಬಾಬ್ ರಾಬರ್ಟ್‌ಸನ್ ಆಗಿದ್ದ. ರಾದಿಚೆಯ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ತಲೆಕೆಟ್ಟವನ ಪಾತ್ರ, ಇಲ್ಲವೇ ಘೋರವಾಗಿ ಸಾಯುವವನ ಪಾತ್ರ. ಪಾಪ, ಯಾರಾದರೂ ಸಾಯಲೇಬೇಕಲ್ಲ!

ಇಷ್ಟೇ ಆಗಿದ್ದರೆ ನಾನೂ ನಕ್ಕು ಸೊಪ್ಪಿನ ಕಡೆ ತಿರುಗುತ್ತಿದ್ದೆ. ಮರುದಿನ ಮೊಮ್ಮಗ ಅದೇ ನಟನ ಇನ್ನೊಂದು ಚಿತ್ರ ಹಾಕಿದ. ಉಂಬೆರ್ತೊ ಲೆಂಜಿಯ 'ಕ್ಯಾನಿಬಲ್ ಫೆರಾಕ್ಸ್', 1981ರದು. ಅಮೆಜಾನಿನ ಕಾಡು, ನರಭಕ್ಷಕರು. ಒಂದು ಕಡೆ ಆಮೆಯೊಂದನ್ನು ಕೊಂದರು. "ಅದೂ ಸುಳ್ಳೇನೋ?" ಎಂದೆ. ಹುಡುಗ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ ಅಜ್ಜಿ, ಅದು ನಿಜ" ಎಂದ.

ಅಂದು ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಅದೇ ಚಿತ್ರದಲ್ಲಿ ರಾದಿಚೆಯ ತಲೆಬುರುಡೆ ಕತ್ತರಿಸಿ ಮಿದುಳು ತಿನ್ನುವ ದೃಶ್ಯವಿದೆ. ಅದಕ್ಕಾಗಿ ಮೇಕಪ್ಪಿನವರು ಎಷ್ಟು ತಲೆ ಓಡಿಸಿರಬೇಕು! ರಬ್ಬರು, ಬಣ್ಣ, ಕ್ಯಾಮರಾದ ಚಾಲಾಕು ಎಲ್ಲ ಬೇಕು. ಆಮೆಗೆ ಇದಾವುದೂ ಬೇಕಾಗಲಿಲ್ಲ, ಒಂದು ಕತ್ತಿ ಸಾಕಾಯಿತು. ಸುಳ್ಳು ಸಾವಿಗೆ ಖರ್ಚು ಜಾಸ್ತಿ, ನಿಜವಾದ ಸಾವು ಅಗ್ಗ.

ದಿಯೋದಾತೊ ಕೂಡ 1980ರಲ್ಲಿ ಇಂಥದೇ ಇನ್ನೊಂದು ಚಿತ್ರ ತೆಗೆದಿದ್ದ, 'ಕ್ಯಾನಿಬಲ್ ಹೋಲೊಕಾಸ್ಟ್' ಎಂದು. ಇಟಲಿಯ ಅಧಿಕಾರಿಗಳು ಚಿತ್ರವನ್ನು ಜಪ್ತಿ ಮಾಡಿದರು, ಅದರ ನಟರು ನಿಜವಾಗಿಯೇ ಸತ್ತಿದ್ದಾರೆಂಬ ಅನುಮಾನವೂ ಹುಟ್ಟಿತು. ಆತ ನಟರು ಬದುಕಿದ್ದಾರೆಂದು ತೋರಿಸಿ ಕೊಲೆಯ ಆರೋಪದಿಂದ ಪಾರಾಗಬೇಕಾಯಿತು. ಮನುಷ್ಯರು ಬದುಕಿದ್ದಾರೆಂದು ತಿಳಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಅದರಲ್ಲಿ ಸತ್ತ ಆಮೆ, ಕೋತಿ, ಹಂದಿಗಳನ್ನು ಯಾರೂ ಮತ್ತೆ ತಂದು ತೋರಿಸುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಇಂಥ ದೃಶ್ಯಗಳಿಗೆ ತಡೆಯೊಡ್ಡಲು 1937ರಿಂದಲೇ ಕಾನೂನಿದೆಯಂತೆ. ಕೇಳಿ ಸ್ವಲ್ಪ ಸಮಾಧಾನವಾಯಿತು.

ರಾದಿಚೆಯ ವಿಷಯಕ್ಕೆ ಬರುತ್ತೇನೆ. 'ಫೆರಾಕ್ಸ್' ಚಿತ್ರೀಕರಣದಲ್ಲಿ ಅವನ ಪಾತ್ರ ಒಂದು ಹಂದಿಯನ್ನು ಕೊಲ್ಲಬೇಕಿತ್ತು. ಆತ ಸುತರಾಂ ಒಪ್ಪಲಿಲ್ಲ. ನಿರ್ದೇಶಕನಿಗೂ ಅವನಿಗೂ ಜಗಳವಾಯಿತು. ಕೊನೆಗೆ ಅವನ ಬದಲಿಗೆ ಇನ್ನೊಬ್ಬ ಆ ಕೆಲಸ ಮಾಡಿದ. ಹಂದಿ ಸತ್ತಿತು, ಚಿತ್ರ ಮುಗಿಯಿತು, ರಾದಿಚೆ ಸಂಭಾವನೆ ತೆಗೆದುಕೊಂಡು ಊರಿಗೆ ಹೋದ.

"ಹಾಗಾದರೆ ಅವನು ಒಳ್ಳೆಯವನೋ, ಕೆಟ್ಟವನೋ?" ಎಂದು ಕೇಳಿದೆ.

"ಒಳ್ಳೆಯವನಾಗಿದ್ದರೆ ಚಿತ್ರ ಬಿಟ್ಟು ಬರುತ್ತಿದ್ದ, ಅಜ್ಜಿ. ದುಡ್ಡು ತೆಗೆದುಕೊಂಡು ಆಮೇಲೆ ಅತ್ತರೆ ಏನು ಬಂತು?" ಎಂದ ಮೊಮ್ಮಗ. ಇಪ್ಪತ್ತರ ವಯಸ್ಸಿನಲ್ಲಿ ತೀರ್ಪು ಕೊಡುವುದು ಎಷ್ಟು ಸಲೀಸು!

ನಾನು ತೀರ್ಪು ಕೊಡಲಾರೆ. ನಮ್ಮ ಮನೆಯಲ್ಲೊಂದು ಇಲಿಬೋನು ಇದೆ. ಕೊಬ್ಬರಿ ಸುಟ್ಟು ಕೊಕ್ಕೆಗೆ ಸಿಕ್ಕಿಸುವವಳು ನಾನೇ. ರಾತ್ರಿ ಟಪ್ಪೆಂದು ಸದ್ದಾದರೆ ಒಳಗೊಳಗೇ ಖುಷಿ. ಬೆಳಿಗ್ಗೆ ಅದು ಕಣ್ಣು ಪಿಳಿಪಿಳಿ ಬಿಡುತ್ತ ಕಂಬಿಗೆ ಮೂತಿ ಒತ್ತಿಕೊಂಡಿದ್ದರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಕೆಲಸದಾಕೆ ಬರುವವರೆಗೆ ಕಾಯುತ್ತೇನೆ. "ಹಿತ್ತಲಿಗೆ ತೊಗೊಂಡು ಹೋಗಮ್ಮ, ನನಗೆ ನೋಡೋಕಾಗಲ್ಲ" ಎನ್ನುತ್ತೇನೆ. ಅವಳು ಬೋನನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಕೈ ತೊಳೆದುಕೊಂಡು ಬಂದು ಪಾತ್ರೆಗೆ ಕೂರುತ್ತಾಳೆ. ನಾನು ಅವಳಿಗೆ ಕಾಫಿ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ನಾನು ಕೊಂದೆ ಅನ್ನಿಸಿಲ್ಲ. ಅವಳಿಗೆ ಏನನ್ನಿಸುತ್ತದೆ ಎಂದು ಕೇಳಿಯೂ ಇಲ್ಲ. ರಾದಿಚೆಯ ಬದಲಿಗೆ ಕತ್ತಿ ಹಿಡಿದವನನ್ನೂ ಯಾರೂ ಕೇಳಿರಲಿಕ್ಕಿಲ್ಲ.

ಹಂದಿಯ ಕಡೆಯಿಂದ ನೋಡಿದರೆ ಯಾರ ಕೈಯಾದರೂ ಒಂದೇ. ಆದರೂ 'ನಾನು ಮಾಡಲಾರೆ' ಎಂದು ಬಾಯಿಬಿಟ್ಟು ಹೇಳುವುದಕ್ಕೆ ಏನೂ ಬೆಲೆಯಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಅದು ಅರ್ಧ ದಾರಿ, ಒಪ್ಪಿದೆ. ಆದರೆ ಅವನು ಆ ಅರ್ಧ ದಾರಿಯಲ್ಲೇ ನಿಂತು ತಾನು ಪರಿಶುದ್ಧನೆಂದು ಹೇಳಿಕೊಂಡು ತಿರುಗಲಿಲ್ಲ. ದುಡ್ಡಿಗಾಗಿ ಮಾಡಿದೆ, ಮಾಡಬಾರದಿತ್ತು ಎಂದು ಕೇಳಿದವರಿಗೆಲ್ಲ ಹೇಳಿದ. ಮುಂದೆ ಈ ಚಿತ್ರದ ಡಿವಿಡಿ ಬಂದಾಗ ನಿರ್ದೇಶಕನದೂ ಇವನದೂ ವ್ಯಾಖ್ಯಾನವನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಸೇರಿಸಿದರು. ಆತ ತನ್ನ ಚಿತ್ರವನ್ನು ಸಮರ್ಥಿಸುತ್ತಿದ್ದರೆ, ಈತ ಹಳಿಯುತ್ತಾನೆ. 31 ದೇಶಗಳಲ್ಲಿ ನಿಷೇಧಿಸಲಾಗಿದೆಯೆಂದು ಜಾಹೀರಾತಿನಲ್ಲಿ ಜಂಭ ಕೊಚ್ಚಿಕೊಂಡ ಚಿತ್ರ ಅದು. ಜನ ಅವನನ್ನು ಗುರುತಿಸಿ ಮೆಚ್ಚುತ್ತಿದ್ದುದೂ ಇಂಥ ಚಿತ್ರಗಳಿಂದಲೇ. ಹೊಗಳಿಸಿಕೊಳ್ಳುವ ಬಾಯಲ್ಲೇ ಹಾಗೆ ಹೇಳುವುದು ಸುಲಭವಲ್ಲ.

ನಾಟಕವನ್ನು ಆತ ಬಿಡಲಿಲ್ಲ. 2006ರ 'ದಿ ಓಮೆನ್'ನಲ್ಲಿ ಪಾದ್ರಿಯಾಗಿ ಕಾಣಿಸಿಕೊಂಡ. 2023ರ ಏಪ್ರಿಲ್‌ನಲ್ಲಿ ತೀರಿಕೊಂಡ.

ಮೊಮ್ಮಗ ರಜೆ ಮುಗಿಸಿ ಹೋದ. ಬೋನು ಅಟ್ಟದ ಮೇಲಿದೆ. ಹೋದ ವಾರ ಇಲಿಗಳು ಅಕ್ಕಿ ಚೀಲವನ್ನೇ ತೂತು ಮಾಡಿದವು. "ಬೋನು ಇಳಿಸಲಾ ಅಮ್ಮ?" ಎಂದು ಕೆಲಸದಾಕೆ ಎರಡು ಸಲ ಕೇಳಿದಳು. ತಾಳು, ನಾಳೆ ನೋಡೋಣ ಎಂದಿದ್ದೇನೆ.