ಕಾಣದ ಜೀವವೂ ವ್ರತದ ಎಲ್ಲೆಯೂ

ಬಂಗಾರಪೇಟೆಯ ಶ್ರಾವಕನೊಬ್ಬನು ದಿಗ್ವ್ರತವನ್ನು ಸ್ವೀಕರಿಸಿ, ಪಶ್ಚಿಮದಲ್ಲಿ ಬೆಂಗಳೂರನ್ನು ದಾಟೆನೆಂದು ನಿಯಮ ಮಾಡಿಕೊಂಡನೆಂದು ಭಾವಿಸೋಣ. ಕರಾವಳಿಯ ಕಾಡುಗಳು ಅವನ ಎಲ್ಲೆಯ ಹೊರಗಾದವು. ಆ ಕಾಡುಗಳ ನುಣುಪು ತೊಗಟೆಯ ಮೇಲೆ ಗ್ರಾಫಿಸ್ ಎಂಬ ಕುಲದ ಸೂಕ್ಷ್ಮಜೀವವುಂಟು. ಬೂದುಬಣ್ಣದ ತೆಳುಪದರ, ಅದರಲ್ಲಿ ಅಕ್ಷರ ಗೀಚಿದಂತೆ ಕೆಲವೇ ಮಿಲಿಮೀಟರ್ ಉದ್ದದ ಕಪ್ಪು ಗೆರೆಗಳು. ಅದು ಪಾಚಿಯೊಡನೆ ಕೂಡಿ ಒಂದೇ ಒಡಲಾಗಿ ಬಾಳುವ ಶಿಲೀಂಧ್ರ. ಮರ ಉರುಳಿದರೆ ಅದಕ್ಕೂ ನೆಲೆಯಿಲ್ಲ.

ಎಲ್ಲೆಯಾಚೆ ಕಾಲಿಡದವನಿಗೆ ಅಲ್ಲಿಯ ಸೂಕ್ಷ್ಮಹಿಂಸೆಯೂ ತಗಲದು. ಅಷ್ಟರ ಮಟ್ಟಿಗೆ ಅವನ ಅಣುವ್ರತವು ಮಹಾವ್ರತಕ್ಕೆ ಸಮೀಪವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಆದರೆ ಕಾಲು ಹೋಗದ ಕಡೆಗೆ ಬೇಡಿಕೆ ಹೋದರೆ?

ನೆರೆಯ ಕೋಲಾರದ ಚಿನ್ನದ ಗಣಿಯೇ ಇದಕ್ಕೆ ನಿದರ್ಶನ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯ ಕಾಲ ಮೊದಲಾಯಿತು. 2001ರಲ್ಲಿ ಗಣಿ ಮುಚ್ಚಿತು. ಸುರಂಗಗಳಿಗೆ ಮರದ ಆಧಾರಗಳು ಬೇಕಾಗಿದ್ದವು. ದೊರೆತ ಚಿನ್ನಕ್ಕೆ ಲೆಕ್ಕವಿತ್ತು. ಕಡಿದ ಮರದ ತೊಗಟೆಯಲ್ಲಿ ಬಾಳಿದ್ದ ಜೀವಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಅಷ್ಟೇಕೆ, ಅಂಗಡಿಯಲ್ಲಿ ಮಸಾಲೆಗೆಂದು ಮಾರುವ ಕಲ್ಲುಹೂವೂ ಇದೇ ಬಗೆಯ ಜೀವ. ತೊಗಟೆ, ಬಂಡೆಗಳಿಂದ ಕಿತ್ತು ತಂದದ್ದು.

ಏಕೇಂದ್ರಿಯ ಜೀವಗಳ ಹಿಂಸೆ ಗೃಹಸ್ಥನಿಗೆ ಅನಿವಾರ್ಯ, ತ್ರಸಹಿಂಸೆಯ ತ್ಯಾಗವೇ ಅವನಿಗೆ ಸಾಕೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿಜವೇ. ಆದರೆ ಆ ವಿನಾಯಿತಿ ಅಗತ್ಯಕ್ಕೆ ಸಂದದ್ದು, ರುಚಿಗಲ್ಲ. ನಿಷ್ಪ್ರಯೋಜಕ ಹಿಂಸೆಯನ್ನು ಬಿಡಿಸಲೆಂದೇ ಅನರ್ಥದಂಡವಿರತಿ ಇದೆ. ದೇಶವ್ರತದ ಅತಿಚಾರಗಳಲ್ಲಿ ಮೊದಲನೆಯದು ಆನಯನ: ತಾನು ಎಲ್ಲೆಯೊಳಗೇ ಇದ್ದು, ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು. ಕೈಯ ಬದಲು ಹಣವನ್ನು ಚಾಚುವ ಮನಸ್ಸನ್ನು ತತ್ತ್ವಾರ್ಥಸೂತ್ರಕಾರರು ಅಂದೇ ಕಂಡಿದ್ದರು.

ಹಾಗಾದರೆ ಪ್ರತಿಯೊಂದು ವಸ್ತುವಿನ ಮೂಲವನ್ನೂ ಅರಿಯಬೇಕೆ? ಅದು ಅಸಾಧ್ಯ, ಅಸಾಧ್ಯವಾದುದನ್ನು ವ್ರತವು ಕೇಳುವುದಿಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆ. ಅರಿಯಲಾರದಿರುವುದು ಪ್ರಮಾದವಲ್ಲ, ಅರಿಯಬಹುದಾದುದನ್ನು ಅನುಕೂಲಕ್ಕಾಗಿ ವಿಚಾರಿಸದಿರುವುದು ಪ್ರಮಾದ.

ಅಷ್ಟಮಿ, ಚತುರ್ದಶಿಗಳಂದು ಉಪವಾಸವಿರುವ ಶ್ರಾವಕನಿಗೆ ಅಡುಗೆಯ ಚಿಂತೆಯಿಲ್ಲ. ಆ ಬಿಡುವಿನಲ್ಲಿ ಮನೆಯ ಒಂದು ವಸ್ತುವನ್ನು ಕುರಿತು, ಇದು ಎಲ್ಲಿಂದ ಬಂತು, ಇದಿಲ್ಲದೆ ನಡೆಯದೆ ಎಂದು ವಿಚಾರಿಸಿದರೂ ಸಾಕು. ಮರುದಿನದ ಪಾರಣೆಯಲ್ಲಿ ಕಲ್ಲುಹೂವು ಇಲ್ಲದಿದ್ದರೆ ಊಟಕ್ಕೆ ಕೊರತೆಯಿಲ್ಲ. ಅವನೆಂದೂ ಕಾಣದ ಕಾಡಿನಲ್ಲಿ ಒಂದು ತೊಗಟೆಯಾದರೂ ಹಾಗೆಯೇ ಉಳಿದೀತು.