ಇಂದಿನ ಧಮ್ಮ ಚಿಂತನೆ: ಮಡಿಲಲ್ಲಿದ್ದ ಮಗು

 

ನಮ್ಮ ಬಳಗದ ಫೋಟೊಗಳು ನಾಲ್ಕಾರು ಫೋನು, ಒಂದು ಹಳೇ ಹಾರ್ಡ್ ಡಿಸ್ಕಿನಲ್ಲಿ ಚೆಲ್ಲಾಡಿದ್ದವು. 11 ಸಾವಿರದ ಮೇಲಿದ್ದವು. ಬೇಸಿಗೆ ರಜೆಯಲ್ಲಿ ಒಪ್ಪ ಮಾಡಲು ಕೂತೆ. ಅಕ್ಕನ ಮಗ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟ. ಅದರಲ್ಲಿ ಒತ್ತಲು ಬಟನ್ನುಗಳಿಲ್ಲ, ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಟೈಪ್ ಮಾಡಬೇಕು. ಕ್ಯಾಮೆರಾ ಪ್ರತಿ ಫೋಟೊದ ಫೈಲಿನೊಳಗೆ ತೆಗೆದ ದಿನ, ಸಮಯ ಬರೆದಿಟ್ಟಿರುತ್ತದೆ. ತಂತ್ರಾಂಶ ಅದನ್ನೋದಿ ಆಯಾ ವರ್ಷ, ತಿಂಗಳಿನ ಫೋಲ್ಡರಿಗೆ ಸಾಗಿಸುತ್ತದೆ. ವಾಟ್ಸ್ಆ್ಯಪಿನಲ್ಲಿ ಬಂದವಕ್ಕೆ ಆ ಬರಹ ಅಳಿಸಿಹೋಗಿರುತ್ತದೆ, ಫೈಲಿನ ಹೆಸರಲ್ಲಿರುವ ದಿನಾಂಕವೇ ಗತಿ. ಮೊದಲ ಸಲ ಓಡಿಸುವವರು ಫೈಲ್‌ನೇಮ್ ಎನ್ನುವ ಕಡೆ ಟೆಸ್ಟ್‌ನೇಮ್ ಎಂದು ಹಾಕಿ. ಆಗ ಏನನ್ನೂ ಕದಲಿಸದೆ, ಯಾವುದು ಎಲ್ಲಿ ಹೋಗುತ್ತದೆಂದು ತೋರಿಸುತ್ತದಷ್ಟೆ.

ಹೀಗೆ ತೋರಿಸಿದಾಗ 2019ರ ಸಾಲಿನಲ್ಲಿ ನಮ್ಮವ್ವನ ದೀಕ್ಷೆಯ ಫೋಟೊ ಕಂಡಿತು. ಗೋಡೆಯ ಮೇಲಿದ್ದ ಹಳೇ ಪ್ರಿಂಟನ್ನು ಆ ವರ್ಷ ಫೋನಿನಲ್ಲಿ ತೆಗೆದಿದ್ದೆ. ಯಂತ್ರಕ್ಕೆ ಫೋನು ಬರೆದದ್ದೇ ಸತ್ಯ. ನಗುತ್ತಾ 1991ಕ್ಕೆ ತಿದ್ದಲು ಹೊರಟೆ. ಬಾಬಾಸಾಹೇಬರ ಜನ್ಮಶತಮಾನೋತ್ಸವದ ವರ್ಷ ಅವ್ವ ದೀಕ್ಷೆ ಪಡೆದಳೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಅವ್ವ ಈಗಿಲ್ಲ. ಆದರೂ ಒಂದು ಮಾತು ದೊಡ್ಡವ್ವನಿಗೆ ತೋರಿಸಿದೆ.

"ಆ ವರ್ಷ ನಿಮ್ಮವ್ವ ಎಲ್ಲಿ ಬಂದ್ಲು ಮಗಾ? ನಿಮ್ ತಾತ ಬಾಗಿಲಿಗೆ ಅಡ್ಡ ನಿಂತಿದ್ದ. ಆಮೇಲೆ ಒಬ್ಬಳೇ ಬಂದ್ಲು. ಮಡಿಲಲ್ಲಿ ನೋಡು, ನಿನ್ನ ತಂಗಿ."

ತಂಗಿ ಹುಟ್ಟಿದ್ದು 1992ರ ಕೊನೆಗೆ. ನಾನಾಗ ಹಾಸ್ಟೆಲಿನಲ್ಲಿದ್ದೆ. ಆ ಮಗುವನ್ನು ನೂರು ಸಲ ನೋಡಿದ್ದೇನೆ, ಯಾರದೋ ಅಂದುಕೊಂಡೇ.

2019ರ ವಿಷಯ ಹೇಳಿದ್ದಕ್ಕೆ ದೊಡ್ಡವ್ವ ನಕ್ಕಳು: "ನಿನ್ನ ಕಂಪ್ಯೂಟರ್ರೂ ನಮ್ ಹೆಡ್ ಮೇಷ್ಟ್ರ ಥರಾನೇ. ನಮಗೆಲ್ಲ ಜೂನ್ 1ಕ್ಕೇ ಹುಟ್ಟಿದೋರು ಅಂತ ಬರೆದುಬಿಟ್ಟಿದ್ರು." ಮೇಷ್ಟ್ರ ಕೆಲಸದವನು ನಾನೂ, ಹಳೇ ದಾಖಲಾತಿ ಪುಸ್ತಕಗಳನ್ನು ಕಂಡಿದ್ದೇನೆ. ಎದುರಾಡಲಿಲ್ಲ.

ಕಾಲಾಮರಿಗೆ ಭಗವಾನರು ಹೇಳಿದ್ದು ನಮಗೆಲ್ಲ ಬಾಯಿಪಾಠ: ಕೇಳುತ್ತಾ ಬಂದಿದೆಯೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ. ಅದನ್ನು ಪುರೋಹಿತರ ಮಾತಿಗೆ ಹಚ್ಚಿ ನೋಡಿದ್ದೆ, ನನ್ನ ಭಾಷಣಕ್ಕೆ ಹಚ್ಚಿರಲಿಲ್ಲ. ಅದೇ ಸುತ್ತದಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಇನ್ನೊಂದು ಮಾತಿದೆ: ನೀವೇ ಅರಿಯಿರಿ, ತಿಳಿದವರು ಯಾವುದನ್ನು ಮೆಚ್ಚುತ್ತಾರೆ, ಯಾವುದನ್ನು ತೆಗಳುತ್ತಾರೆ ಎಂದೂ ನೋಡಿ. ಶತಮಾನೋತ್ಸವದ ಮೆರವಣಿಗೆಯ ಜೊತೆ ಬಂದ ಅವ್ವನ ಕಥೆ ನನಗೆ ಚೆಂದವಾಗಿತ್ತು. ಮಾವನನ್ನು ಎದುರಿಸಿ, ಕೂಸನ್ನೆತ್ತಿಕೊಂಡು ಒಬ್ಬಳೇ ಬಂದ ಅವ್ವ ನನಗೆ ಗೊತ್ತೇ ಇರಲಿಲ್ಲ.

ಫೋಟೊ ಈಗ 1993ರ ಫೋಲ್ಡರಿನಲ್ಲಿದೆ. ತಿಂಗಳು ಹಾಕಿಲ್ಲ. ವಿವರಣೆಯ ಜಾಗದಲ್ಲಿ ದೊಡ್ಡವ್ವನ ಮಾತನ್ನು ಅವಳ ಹೆಸರಿನ ಸಮೇತ ಬರೆದೆ. ಇನ್ನೂ ನಾಲ್ಕು ಮುಖಗಳು ಯಾರವೆಂದು ಅವಳಿಗೆ ಮಾತ್ರ ಗೊತ್ತು. ತಂಗಿಗೆ ಕಳಿಸಿದೆ. ಭಾನುವಾರ ಬರುತ್ತಿದ್ದಾಳೆ, ದೊಡ್ಡವ್ವನ ಹತ್ತಿರ ಕೂರಬೇಕಂತೆ.

ಜೈ ಭೀಮ್.