ಆ ಹೆಂಡತಿಗೆ ಏನು ಕಡಿಮೆ?

'ನೀವು ಹೇಗಿದ್ದೀರೋ ಹಾಗೇ ಚೆಂದ, ಆತ್ಮವಿಶ್ವಾಸ ಬೆಳೆಸಿಕೊಳ್ಳಿ.' ಮಹಿಳಾ ದಿನದ ವೇದಿಕೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಖಚಿತ. ಕ್ರೀಮು, ಸೋಪಿನ ಜಾಹೀರಾತುಗಳೂ ಈಗ ಇದೇ ರಾಗ ಹಾಡುತ್ತಿವೆ. ಫೇರ್ ಅಂಡ್ ಲವ್ಲಿ 2020ರಲ್ಲಿ 'ಫೇರ್' ಕಳಚಿ 'ಗ್ಲೋ' ತೊಟ್ಟುಕೊಂಡಿತು; ಮಾರಾಟವಂತೂ ಮುಖಕ್ಕೆ ಹಚ್ಚುವುದರದ್ದೇ. ಚೆಂದವೆಂದರೆ ಬಿಳುಪು ಎನ್ನುವುದು ಹೋದರೆ ಒಳ್ಳೆಯದೇ. ಆದರೆ ಹೆಣ್ಣಿಗೆ ಅಂಕ ಹಾಕುವುದು ನಿಂತಿಲ್ಲ, ಧಾರಾಳವಾಗಿ ಹಾಕುತ್ತಿದ್ದಾರೆ ಅಷ್ಟೆ.

ಎರಡು ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಒಂದು, ನನ್ನ ಬಗ್ಗೆ ನನಗಿರುವ ಮೆಚ್ಚುಗೆ. ರೂಪ, ಓದು, ಕೈರುಚಿ, ಸಂಬಳ, ಯಾವುದರಿಂದಲೂ ಅದು ಹುಟ್ಟೀತು, ಏರೀತು, ಇಳಿದೀತು. ಇನ್ನೊಂದು ಆತ್ಮಗೌರವ: ಉಳಿದವರಿಗೆಷ್ಟೋ ನನಗೂ ಅಷ್ಟೇ ಹಕ್ಕಿದೆ ಎಂದು ಅರಿತು, ಹಾಗೆಯೇ ನಡೆದುಕೊಳ್ಳುವುದು. ಅದನ್ನು ಯಾರಿಂದಲೂ ಗಳಿಸಬೇಕಾಗಿಲ್ಲ.

ಅಮೆರಿಕದ ತತ್ತ್ವಜ್ಞಾನಿ ಥಾಮಸ್ ಹಿಲ್ 1973ರ ಲೇಖನವೊಂದರಲ್ಲಿ ಒಬ್ಬ ಹೆಂಡತಿಯನ್ನು ಕಲ್ಪಿಸುತ್ತಾರೆ. ಗಂಡನಿಗೆ ಹಿಡಿಸುವ ಬಟ್ಟೆಯನ್ನೇ ಆಕೆ ಕೊಳ್ಳುತ್ತಾಳೆ, ಅವನಿಗೆ ಬೇಕಾದವರನ್ನೇ ಮನೆಗೆ ಕರೆಯುತ್ತಾಳೆ, ಅವನ ಕೆಲಸಕ್ಕಾಗಿ ತನ್ನ ಗೆಳೆತನಗಳನ್ನು ಬಿಟ್ಟು ಊರು ಬದಲಿಸುತ್ತಾಳೆ. ಅಳುತ್ತಾ ಅಲ್ಲ, ಖುಷಿಯಿಂದ. ಹೆಂಗಸರು ಯಾವುದರಲ್ಲೂ ಕಡಿಮೆಯಿಲ್ಲ ಎಂದರೆ ಹೌದೆಂದು ತಲೆದೂಗುತ್ತಾಳೆ. ತಾನು ಒಳ್ಳೆಯ ಹೆಂಡತಿ ಎಂಬ ಹೆಮ್ಮೆಯೂ ಇದೆ. ಅಂದರೆ ಮೆಚ್ಚುಗೆಗೆ ಬರವಿಲ್ಲ. ಹಾಗಿದ್ದರೂ ಆಕೆಗೆ ಆತ್ಮಗೌರವ ಇಲ್ಲ ಎನ್ನುತ್ತಾರೆ ಹಿಲ್.

ಏಕೆ? ಗಂಡನ ವರ್ಗಾವಣೆಗೆಂದು ಕೆಲಸ ಬಿಡುವ ಇಬ್ಬರನ್ನು ನೋಡಿ. ಒಬ್ಬಳು ತನ್ನ ಕೆಲಸವನ್ನೂ ತೂಗಿ ನೋಡಿ, ಬೇಡವೆನ್ನುವ ಹಕ್ಕಿದ್ದೂ ಒಪ್ಪುತ್ತಾಳೆ. ಇನ್ನೊಬ್ಬಳಿಗೆ ಅದನ್ನು ತೂಗಬೇಕೆಂದೇ ಹೊಳೆಯುವುದಿಲ್ಲ. ಹೊರಗಿನಿಂದ ಇಬ್ಬರೂ ಒಂದೇ ಲಾರಿಗೆ ಸಾಮಾನು ತುಂಬುತ್ತಿದ್ದಾರೆ. ಆದರೆ ತನ್ನದು ಎಂದು ಗೊತ್ತಿದ್ದರೆ ತಾನೇ ಬಿಟ್ಟುಕೊಡಲು ಬರುವುದು? ಎರಡನೆಯವಳದು ತ್ಯಾಗವೂ ಅಲ್ಲ.

ಇಂಥ ಹೆಂಡತಿಯನ್ನು ತಯಾರು ಮಾಡುವ ಪಾಕವಿಧಾನ ಬೇಕಿದ್ದರೆ ಫ್ರೆಂಚ್ ಚಿಂತಕ ರೂಸೋನ 'ಎಮಿಲ್' (1762) ಓದಬಹುದು. ಪರರ ಅಭಿಪ್ರಾಯಕ್ಕೆ ಜೋತುಬಿದ್ದು ಬದುಕುವುದರಿಂದಲೇ ಮನುಷ್ಯ ಕೆಟ್ಟ ಎಂದು ಸಾರಿದವನು ಈತ. ಸೋಫಿ ಎಂಬ ಹುಡುಗಿಯನ್ನು ಬೆಳೆಸುವ ಮಾತು ಬಂದಾಗ ಮಾತ್ರ, ಹೆಣ್ಣು ಏನಾಗಿದ್ದಾಳೆ ಎಂಬಷ್ಟೇ ಜನ ಏನೆನ್ನುತ್ತಾರೆ ಎಂಬುದೂ ಮುಖ್ಯ ಎಂದುಬಿಟ್ಟ. ಗಂಡಿಗೆ ವಿಷವಾದದ್ದು ಹೆಣ್ಣಿಗೆ ಪಥ್ಯ! ಇದನ್ನು ಅವನ ಕಾಲದ ಮಿತಿ ಎಂದು ಕ್ಷಮಿಸಲು ನಾನು ತಯಾರಿಲ್ಲ. ಮೂವತ್ತೇ ವರ್ಷಗಳಲ್ಲಿ, 1792ರಲ್ಲಿ, ಇಂಗ್ಲೆಂಡಿನ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವನ ವಾದವನ್ನು ಎಳೆಎಳೆಯಾಗಿ ಬಿಚ್ಚಿಟ್ಟಳು: ಹೆಣ್ಣಿನ ಅಲಂಕಾರದ ಗೀಳು ಹುಟ್ಟುಗುಣವಲ್ಲ, ಬೆಳೆಸಿದ ರೀತಿಯ ಫಲ.

ಹಿಲ್ ಬಗ್ಗೆಯೂ ನನಗೊಂದು ತಕರಾರಿದೆ. ಕೊರತೆಯನ್ನೆಲ್ಲ ಅವರು ಹೆಂಡತಿಯಲ್ಲೇ ಹುಡುಕುತ್ತಾರೆ. ಕೊಟ್ಟದ್ದನ್ನೆಲ್ಲ ಲೆಕ್ಕವಿಡದೆ ಪಡೆದುಕೊಂಡ ಗಂಡನ ಕಡೆ ಅಷ್ಟಾಗಿ ತಿರುಗುವುದಿಲ್ಲ. ನಮ್ಮ ಭಾಷಣಕಾರರೂ ಅಷ್ಟೆ, ಆತ್ಮಗೌರವವನ್ನು ಹೆಣ್ಣು ಒಬ್ಬಳೇ ಕುಳಿತು ಬೆಳೆಸಿಕೊಳ್ಳಬೇಕೆನ್ನುತ್ತಾರೆ. ವುಲ್‌ಸ್ಟನ್‌ಕ್ರಾಫ್ಟ್ ಹೆಂಗಸರಿಗೆ ಧೈರ್ಯ ಹೇಳಿ ಸುಮ್ಮನಾಗಲಿಲ್ಲ. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ ಶಾಲೆ ಕೇಳಿದಳು, ವೈದ್ಯವೃತ್ತಿಯನ್ನೂ ವ್ಯಾಪಾರವನ್ನೂ ಹೆಂಗಸರಿಗೆ ತೆರೆಯಿರಿ ಎಂದಳು.